ಬೆಂಕಿ ಆರಿಸುವ ಅನಿಲ ಉಸಿರಿಗೆ ಕ್ಷೇಮವೇ?

ಮಕ್ಕಳೇ, ಒಲೆಯ ಕೆಂಡ ಆರಿಸಲು ನೀರು ಚಿಮುಕಿಸುವುದನ್ನು ನೀವು ನೋಡಿದ್ದೀರಿ. ಆದರೆ ಬ್ಯಾಂಕಿನ ದೊಡ್ಡ ಕಂಪ್ಯೂಟರ್ ಕೋಣೆಯಲ್ಲಿ ಬೆಂಕಿ ಹೊತ್ತಿಕೊಂಡರೆ? ಅಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ನೀರು ಬಿದ್ದರೆ ಯಂತ್ರಗಳು ಕೆಡುತ್ತವೆ. ಆರಿಸಲು ಹೋದವರಿಗೆ ಶಾಕ್ ಹೊಡೆಯಬಹುದು. ಆದ್ದರಿಂದ ಇಂತಹ ಹಲವು ಕೋಣೆಗಳಲ್ಲಿ ನೀರಿನ ಬದಲು ಅನಿಲವನ್ನು ಬಳಸುತ್ತಾರೆ. ಉಕ್ಕಿನ ಸಿಲಿಂಡರುಗಳಲ್ಲಿ ಅನಿಲವನ್ನು ಒತ್ತಿ ತುಂಬಿರುತ್ತಾರೆ. ಹೊಗೆಯ ಸುಳಿವು ಸಿಕ್ಕ ಕೂಡಲೇ ಗಂಟೆ ಬಾರಿಸುತ್ತದೆ. ಸ್ವಲ್ಪ ಹೊತ್ತಿಗೆ ಕೊಳವೆಗಳ ಮೂಲಕ ಅನಿಲ ನುಗ್ಗಿ ಕೋಣೆಯನ್ನು ತುಂಬುತ್ತದೆ. ಬೆಂಕಿ ಆರುತ್ತದೆ.

ಆಗ ಒಳಗೆ ಒಬ್ಬ ಮನುಷ್ಯ ಇದ್ದರೆ ಅವನ ಗತಿ ಏನು?

ಮಾಡಿ ನೋಡಿ (ಶಿಕ್ಷಕರ ಎದುರಿನಲ್ಲಿ ಮಾತ್ರ)

ಅಗಲ ಬಾಯಿಯ ಗಾಜಿನ ಭರಣಿ ತೆಗೆದುಕೊಳ್ಳಿ. ಅದರಲ್ಲಿ ಒಂದು ಗಿಡ್ಡ ಮತ್ತು ಒಂದು ಉದ್ದ ಮೇಣದ ಬತ್ತಿ ನಿಲ್ಲಿಸಿ. ಎರಡೂ ಭರಣಿಯ ಅಂಚಿಗಿಂತ ಕೆಳಗಿರಲಿ. ತಳದಲ್ಲಿ ಎರಡು ಚಮಚ ಅಡುಗೆ ಸೋಡಾ ಹರಡಿ, ಬತ್ತಿಗಳನ್ನು ಹೊತ್ತಿಸಿ. ಈಗ ಅಂಚಿನಿಂದ ನಿಂಬೆರಸವನ್ನು ನಿಧಾನವಾಗಿ ಬಿಡಿ. ಉರಿಯ ಮೇಲೆ ಬೀಳಬಾರದು.

ನೊರೆ ಏಳುತ್ತದೆ. ಮೊದಲು ಗಿಡ್ಡ ಬತ್ತಿ ಆರುತ್ತದೆ, ಆಮೇಲೆ ಉದ್ದದ್ದು. ಏಕೆ? ನೊರೆಯಿಂದ ಹೊರಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದು ನೀರಿನಂತೆ ತಳದಿಂದ ತುಂಬುತ್ತಾ ಬರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ.

ಉತ್ತರ ಕರ್ನಾಟಕದಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಗ್ಗೆ ಅಜ್ಜ ಅಜ್ಜಿಯರನ್ನು ಕೇಳಿ. ನೆಲದೊಳಗಿನ ಆ ಗುಂಡಿಯಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಇಳಿಯುತ್ತಿದ್ದರು. ದೀಪ ಆರಿದರೆ ಇಳಿಯಬಾರದು. ಸರಿ. ಆದರೆ ದೀಪ ಉರಿದರೆ ಇಳಿಯಬಹುದೇ? ಲೆಕ್ಕ ಮಾಡೋಣ.

ನೂರು ಕೊಡದ ಲೆಕ್ಕ

ಕೋಣೆಯಲ್ಲಿ 100 ಕೊಡ ಗಾಳಿ ಇದೆ ಎನ್ನಿ. ಅದರಲ್ಲಿ ಸುಮಾರು 21 ಕೊಡ ಆಮ್ಲಜನಕ.

ಮೊದಲ ಕೋಣೆ: ಇಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಬೆಂಕಿ ಆರಲು ಕನಿಷ್ಠ 34 ಕೊಡ ಬೇಕು. ಉಳಿದ ಗಾಳಿ 66 ಕೊಡ. ಅದರಲ್ಲಿ ಆಮ್ಲಜನಕ 66 × 21 ÷ 100, ಅಂದರೆ ಸುಮಾರು 14 ಕೊಡ.

ಎರಡನೆಯ ಕೋಣೆ: ಇಲ್ಲಿ ಇನರ್ಜೆನ್ ಎಂಬ ಮಿಶ್ರಣ ಬಿಡುತ್ತಾರೆ. ಅದರಲ್ಲಿ ಶೇಕಡ 52 ಸಾರಜನಕ, 40 ಆರ್ಗಾನ್, 8 ಇಂಗಾಲದ ಡೈಆಕ್ಸೈಡ್. ಸುಮಾರು 40 ಕೊಡ ಮಿಶ್ರಣ ಸೇರಿದರೆ ಗಾಳಿ 60 ಕೊಡ ಉಳಿಯಿತು. ಆಮ್ಲಜನಕ 12.6 ಕೊಡ.

ಯಾವ ಕೋಣೆ ಹೆಚ್ಚು ಅಪಾಯ? ಆಮ್ಲಜನಕ ಕಡಿಮೆ ಇರುವ ಎರಡನೆಯದು ಎಂದು ನೀವು ಹೇಳಬಹುದು. ಉತ್ತರ ತಪ್ಪು! ಎರಡನೆಯ ಕೋಣೆಯಿಂದ ಆರೋಗ್ಯವಂತ ಮನುಷ್ಯ ನಡೆದು ಹೊರಬರಬಲ್ಲ. ಮೊದಲನೆಯದರಲ್ಲಿ ಒಂದು ನಿಮಿಷದೊಳಗೇ ಪ್ರಜ್ಞೆ ತಪ್ಪಿ ಪ್ರಾಣ ಹೋಗಬಹುದು.

ಕಾರಣ ಇಷ್ಟೇ: ಇಂಗಾಲದ ಡೈಆಕ್ಸೈಡ್ ಆಮ್ಲಜನಕದ ಜಾಗ ಹಿಡಿಯುವುದಲ್ಲದೆ ತಾನೇ ಹಾನಿ ಮಾಡುತ್ತದೆ. ಅದು ಹೆಚ್ಚಾದಾಗ ರಕ್ತ ಆಮ್ಲೀಯವಾಗುತ್ತದೆ. ಶೇಕಡ 3ರಷ್ಟಿದ್ದರೆ ಉಸಿರಾಟ ಜೋರಾಗುತ್ತದೆ, 10 ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಇನರ್ಜೆನ್‌ನಲ್ಲಿ ಅದನ್ನು ಸ್ವಲ್ಪವೇ ಸೇರಿಸಿರುವುದು ಬೇಕೆಂದೇ. ಕೋಣೆಯಲ್ಲಿ ಅದು 3.2 ಕೊಡವಾಗಿ, ಉಸಿರು ಆಳವಾಗಿ, ಇರುವ ಆಮ್ಲಜನಕವನ್ನು ದೇಹ ಚೆನ್ನಾಗಿ ಎಳೆದುಕೊಳ್ಳುತ್ತದೆ.

ಈಗ ದೀಪದ ಪ್ರಶ್ನೆ. ಗುಂಡಿಯಲ್ಲಿ 10 ಕೊಡ ಇಂಗಾಲದ ಡೈಆಕ್ಸೈಡ್ ಸೇರಿದ್ದರೆ ಆಮ್ಲಜನಕ ಇನ್ನೂ 18.9 ಕೊಡ. ದೀಪ ಉರಿಯುತ್ತಲೇ ಇರಬಹುದು, ಇಳಿದವನು ಬೀಳಬಹುದು! ಉರಿಗೆ ಬೇಕಾದದ್ದೇ ಬೇರೆ, ಉಸಿರಿಗೆ ಬೇಕಾದದ್ದೇ ಬೇರೆ.

ನಡೆದ ಘಟನೆ

1998ರ ಜುಲೈ 28. ಅಮೆರಿಕದ ಇಡಾಹೊ ರಾಜ್ಯದ ಸರ್ಕಾರಿ ಪ್ರಯೋಗಾಲಯದ ಒಂದು ಕಟ್ಟಡದಲ್ಲಿ 13 ಮಂದಿ ವಿದ್ಯುತ್ ಸಲಕರಣೆಗಳ ದುರಸ್ತಿಯಲ್ಲಿ ತೊಡಗಿದ್ದರು. ಬೆಂಕಿ ಇರಲಿಲ್ಲ, ಗಂಟೆಯೂ ಬಾರಿಸಲಿಲ್ಲ. ಇದ್ದಕ್ಕಿದ್ದಂತೆ ಇಂಗಾಲದ ಡೈಆಕ್ಸೈಡ್ ನುಗ್ಗಿತು. ಒಬ್ಬರು ಸತ್ತರು, ಹಲವರು ಅಸ್ವಸ್ಥರಾದರು. ನಿಯಂತ್ರಣ ಫಲಕದಲ್ಲಿ ವ್ಯವಸ್ಥೆಯನ್ನು ನಿಲ್ಲಿಸಿದ್ದರು. ಆದರೆ ಅನಿಲದ ದಾರಿಗೆ ಬೀಗ ಹಾಕಿರಲಿಲ್ಲ. ಗುಂಡಿ ಒತ್ತಿದ ಮಾತ್ರಕ್ಕೆ ನಂಬಬಾರದು ಎಂಬುದು ಇಲ್ಲಿನ ಪಾಠ.

ಹಾಗಾದರೆ ಬೇರೆ ಅನಿಲ ಇಲ್ಲವೇ? ಹ್ಯಾಲಾನ್ 1301 ಎಂಬುದಿತ್ತು. ಶೇಕಡ 5ರಷ್ಟು ಸಾಕು, ಉರಿಯುವ ರಾಸಾಯನಿಕ ಕ್ರಿಯೆಯನ್ನೇ ಅದು ಕಡಿಯುತ್ತಿತ್ತು. ಆದರೆ ಅದು ಓಜೋನ್ ಪದರವನ್ನು ಕೆಡಿಸುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದದ ದಾರಿಯಲ್ಲಿ ಮುಂದುವರಿದ ದೇಶಗಳು 1993ರ ಕೊನೆಗೆ, ಉಳಿದವು 2010ರ ಹೊತ್ತಿಗೆ ಅದರ ತಯಾರಿಕೆ ನಿಲ್ಲಿಸಿದವು.

ಸಾರಜನಕ, ಆರ್ಗಾನ್‌ಗಳಿಗೂ ಒಂದು ತೊಡಕಿದೆ. ಅವು ನುಗ್ಗುವಾಗ ಭಾರಿ ಸದ್ದು. 2016ರ ಸೆಪ್ಟೆಂಬರಿನಲ್ಲಿ ರೊಮೇನಿಯದ ಬುಖಾರೆಸ್ಟ್ ನಗರದ ಒಂದು ಬ್ಯಾಂಕಿನಲ್ಲಿ ಪರೀಕ್ಷೆಗೆಂದು ಅನಿಲ ಬಿಟ್ಟಾಗ, ಆ ಸದ್ದಿಗೇ ಕಂಪ್ಯೂಟರುಗಳ ಹಾರ್ಡ್ ಡಿಸ್ಕುಗಳು ಕೆಟ್ಟು ಸೇವೆ ಗಂಟೆಗಟ್ಟಲೆ ನಿಂತಿತು.

ನೆನಪಿಡಿ

• ಎಚ್ಚರಿಕೆಯ ಗಂಟೆ ಕೇಳಿದರೆ ಕೂಡಲೇ ಹೊರಗೆ ಬನ್ನಿ. ಚೀಲ, ಚಪ್ಪಲಿಗಾಗಿ ನಿಲ್ಲಬೇಡಿ.
• ಒಳಗೆ ಯಾರಾದರೂ ಬಿದ್ದಿದ್ದರೂ ನೀವು ನುಗ್ಗಬೇಡಿ. ದೊಡ್ಡವರನ್ನು ಕರೆಯಿರಿ. ಉಸಿರಾಟದ ಉಪಕರಣ ಇರುವ ಅಗ್ನಿಶಾಮಕ ದಳದವರೇ ಹೋಗಬೇಕು. ಹಗೇವು, ಹಾಳು ಬಾವಿಗಳಿಗೂ ಇದೇ ನಿಯಮ.
• ಶಾಲೆಯಲ್ಲಿ ಕಪ್ಪು ಕೊಂಬಿನ ಬೆಂಕಿ ಆರಿಸುವ ಸಿಲಿಂಡರ್ ಇದ್ದರೆ ಅದರಲ್ಲಿರುವುದೂ ಇಂಗಾಲದ ಡೈಆಕ್ಸೈಡ್. ಅನಿಲ ಬಿಡುವಾಗ ಕೊಂಬು ಕೈ ಸುಡುವಷ್ಟು ತಣ್ಣಗಾಗುತ್ತದೆ, ಮುಟ್ಟಬಾರದು. ಬಳಸಿದ ಮೇಲೆ ಎಲ್ಲರೂ ಹೊರಬಂದು ಕೋಣೆಗೆ ಗಾಳಿ ಆಡಲು ಬಿಡಬೇಕು.

ಉತ್ತರಿಸಿ

1. ಕೋಣೆಯಲ್ಲಿ 50 ಕೊಡ ಇಂಗಾಲದ ಡೈಆಕ್ಸೈಡ್ ತುಂಬಿದರೆ ಆಮ್ಲಜನಕ ಎಷ್ಟು ಉಳಿಯುತ್ತದೆ?
2. ನಿಮ್ಮ ಪ್ರಯೋಗದಲ್ಲಿ ಗಿಡ್ಡ ಬತ್ತಿ ಮೊದಲು ಆರಿತು. ಅನಿಲ ತುಂಬಿದ ಗುಂಡಿಯಲ್ಲಿ ಬಿದ್ದವನನ್ನು ಎತ್ತಲು ಬಗ್ಗಿದವನಿಗೆ ಏನಾಗುತ್ತದೆ? ಯೋಚಿಸಿ, ಮನೆಯಲ್ಲೂ ಹೇಳಿ.