ಬ್ಯಾಟರಿ ಬದಲಿಸುವ ಮುನ್ನ ಅಳೆಸಿ ನೋಡಿ

ಮಳೆಗಾಲ ಹಿಡಿಯಿತೆಂದರೆ ಶಿಕಾರಿಪುರ, ಸೊರಬದ ಕಡೆ ಬೆಳಗ್ಗೆ ಸೆಲ್ಫ್ ಹೊಡೆಯದ ಕಾರುಗಳ ಗೋಳು ಶುರು. ಅಂಗಡಿಗೆ ಹೋದರೆ ಸಿಗುವ ಮೊದಲ ಉತ್ತರ, "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ." ಸಣ್ಣ ಕಾರಿಗೂ ನಾಲ್ಕೈದು ಸಾವಿರ ರೂಪಾಯಿ. ಬೀಜ, ಗೊಬ್ಬರಕ್ಕೆಂದು ಕೈ ಖಾಲಿಯಾಗಿರುವ ತಿಂಗಳಲ್ಲಿ ಅದು ದೊಡ್ಡ ಮೊತ್ತವೇ.

ಕಳೆದ ಮಳೆಗಾಲದಲ್ಲಿ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವಾಗ ನಮ್ಮ ಕಾರಿನಲ್ಲಿ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು. ಹೆಡ್‌ಲೈಟ್ ಮಂಕಾಯಿತು, ವೈಪರ್ ಏದುಸಿರು ಬಿಡತೊಡಗಿತು. ಮೊದಲು ಸಿಕ್ಕ ಅಂಗಡಿಯಲ್ಲಿ ಏನನ್ನೂ ನೋಡದೆ ಹೊಸ ಬ್ಯಾಟರಿ ತೆಗೆದಿಟ್ಟರು. ಮುಂದಿನ ಆಟೊ ಎಲೆಕ್ಟ್ರಿಷಿಯನ್ ಮಾತ್ರ ಬಾನೆಟ್ ಎತ್ತಿ, ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪು ಕಡ್ಡಿಯನ್ನು ಮೈನಸ್ಸಿಗೆ ಹಿಡಿದರು. ಎಂಜಿನ್ ಓಡುತ್ತಿದ್ದರೂ 12.1 ವೋಲ್ಟ್! ಡೈನಮೋ ಚಾರ್ಜೇ ಕೊಡುತ್ತಿರಲಿಲ್ಲ. ಬಿಚ್ಚಿದರೆ ಕಾರ್ಬನ್ ಬ್ರಶ್ ಸವೆದು ಉಗುರಿನಷ್ಟು ಉಳಿದಿತ್ತು. ಕೂಲಿ ಸೇರಿ ಸಾವಿರದೊಳಗೆ ಕೆಲಸ ಮುಗಿಯಿತು. ಹೊಸ ಬ್ಯಾಟರಿ ಹಾಕಿಸಿದ್ದರೆ ಅದೂ ಬೇಗನೆ ಇಳಿದುಹೋಗುತ್ತಿತ್ತು.

ರಾತ್ರಿಯಿಡೀ ನಿಂತ ಕಾರಿನಲ್ಲಿ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. (ಕಂಪ್ಯೂಟರೇ ಚಾರ್ಜಿಂಗ್ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಇದು ಏರಿಳಿಯುವುದುಂಟು.) ಏರದಿದ್ದರೆ ಬೆಲ್ಟ್ ಸಡಿಲವೇ, ವೈರ್ ಬಿಟ್ಟಿದೆಯೇ, ಬ್ರಶ್ ಸವೆದಿದೆಯೇ ನೋಡಿಸಿ. 15 ದಾಟಿದರೆ ರೆಗ್ಯುಲೇಟರ್ ಮೇಲೆ ಅನುಮಾನ. ಹಾಗೇ ಬಿಟ್ಟರೆ ಬ್ಯಾಟರಿ ಕುದಿದು ಉಬ್ಬುತ್ತದೆ.

ಎಷ್ಟೋ ಸಲ ಇಷ್ಟೂ ಬೇಕಿಲ್ಲ. ಟರ್ಮಿನಲ್ಲಿಗೆ ಹಸಿರುಬಿಳಿ ಪುಡಿ ಕಟ್ಟಿದ್ದರೂ ಸೆಲ್ಫ್ ಹೊಡೆಯುವುದಿಲ್ಲ. ಮೈನಸ್ ಮೊದಲು ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತಿಕ್ಕಿ ಒಣಗಿಸಿ, ಬಿಗಿದು, ವ್ಯಾಸಲಿನ್ ಸವರಿ. ಮೈನಸ್ ಕೊನೆಗೆ ಹಾಕಿ. ಇನ್ನು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಷ್ಟೇ ಓಡುವ ಕಾರಿನ ಬ್ಯಾಟರಿಗೆ ಹೊಟ್ಟೆ ತುಂಬುವುದೇ ಇಲ್ಲ. ಆಗಾಗ ಅರ್ಧ ಮುಕ್ಕಾಲು ಗಂಟೆ ಓಡಿಸಬೇಕು.

ಬ್ಯಾಟರಿಯೇ ಸತ್ತಿದ್ದರೆ ಮೊದಲು ವಾರಂಟಿ ಕಾರ್ಡ್ ಹುಡುಕಿ. ಅನೇಕ ಬ್ಯಾಟರಿಗಳಿಗೆ ಮೊದಲ ಕೆಲವು ತಿಂಗಳು ಪೂರ್ತಿ ಬದಲಿ, ಆಮೇಲೆ ರಿಯಾಯಿತಿ ಇರುತ್ತದೆ. ಹಳೆಯದರೊಳಗಿನ ಸೀಸಕ್ಕೂ ಬೆಲೆಯಿದೆ. ಆ ಹಣವನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮದೇ ದುಡ್ಡು.