ಮೇಲಿನಿಂದ ಕಲಕುವ ಮೋಡ

ಬಿಸಿಯಾದ ಗಾಳಿ ಮೇಲೇರುವುದನ್ನು ಕಲಿಸಲು ನಮ್ಮ ಕರಾವಳಿಯಲ್ಲಿ ಉದಾಹರಣೆಗೆ ಬರವಿಲ್ಲ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ನೆಲ ಕಾಯುತ್ತದೆ, ಗಾಳಿ ಹಗುರಾಗಿ ಏರುತ್ತದೆ, ಸಂಜೆಯಾಗುತ್ತಲೇ ಕಾರ್ಕಳದಾಚೆ ಘಟ್ಟದ ಮೇಲೆ ಗುಡುಗು. ಆದರೆ ಧ್ರುವ ಸಮುದ್ರಗಳ ತಗ್ಗು ಮೋಡಗಳ ಪಾಠಕ್ಕೆ ಬಂದಾಗ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಚಳಿಗಾಲದಲ್ಲಿ ಅಲ್ಲಿ ಬಿಸಿಲೇ ಇಲ್ವಲ್ಲ, ಕೆಳಗೆ ಬರೀ ಮಂಜುಗಡ್ಡೆ. ಮೋಡ ಕಲಕುವುದು ಯಾವುದರಿಂದ?"

ಉತ್ತರ ತೋರಿಸಲು ಜನವರಿಯ ಒಂದು ಬೆಳಗ್ಗೆ, ಸೂರ್ಯ ಹುಟ್ಟುವ ಮೊದಲೇ, ತರಗತಿಯವರನ್ನೆಲ್ಲ ಮಣಿಪಾಲದ ಎಂಡ್ ಪಾಯಿಂಟ್ ಎಂಬ ಗುಡ್ಡದಂಚಿಗೆ ಕರೆದುಕೊಂಡು ಹೋದೆ. ಸ್ವರ್ಣಾ ನದಿಯ ಕಣಿವೆ ತುಂಬ ಮಂಜು, ಅಂದರೆ ನೆಲಕ್ಕಂಟಿದ ಮೋಡ. ತೆಂಗಿನ ಮರಗಳ ತಲೆಯೂ ಕಾಣುತ್ತಿರಲಿಲ್ಲ. ಮೊದಲ ನೋಟಕ್ಕೆ ಅದು ಅಲುಗಾಡದ ಹಾಸು. ಕಣ್ಣು ನೆಟ್ಟು ನೋಡಿದರೆ ಒಂದು ಕಡೆ ಮೆಲ್ಲನೆ ಉಬ್ಬು, ಪಕ್ಕದಲ್ಲೇ ಕುಸಿತ, ಮತ್ತೆ ಇನ್ನೊಂದು ಕಡೆ ಉಬ್ಬು. ದಟ್ಟ ಮಂಜಿನ ಮೇಲ್ಪದರದ ಹನಿಗಳು ತಮ್ಮ ಶಾಖವನ್ನು ಅವಕೆಂಪು ಕಿರಣಗಳಾಗಿ ತೆರೆದ ಆಕಾಶಕ್ಕೆ ಬಿಟ್ಟುಕೊಡುತ್ತವೆ. ಅಲ್ಲಿ ತಣಿದ ಗಾಳಿ ಭಾರವಾಗಿ ಕೆಳಗೆ ಮುಳುಗುತ್ತದೆ, ಕೆಳಗಿನದು ಮೇಲೆ ಬರುತ್ತದೆ.

ಆರ್ಕ್ಟಿಕ್ ಸಮುದ್ರದ ಮೇಲಿನ ಎಷ್ಟೋ ಮೋಡಗಳನ್ನು ಕಲಕುವುದೂ ಮುಖ್ಯವಾಗಿ ಈ ತಣಿವೇ. ನಮ್ಮ ಮಂಜನ್ನು ಬೆಳಗಿನ ಬಿಸಿಲು ಕರಗಿಸಿಬಿಡುತ್ತದೆ. ಧ್ರುವದ ಇರುಳಲ್ಲಿ ಅಂಥ ಮೋಡ ದಿನಗಟ್ಟಲೆ ನಿಲ್ಲಬಲ್ಲದು.

ಎಷ್ಟು ಸಲ ಕಲಿಸಿದರೂ ನನಗೆ ಬೆರಗು ಇಂಗದ ಸಂಗತಿ ಒಂದಿದೆ. ಸೊನ್ನೆಗಿಂತ 10–15 ಡಿಗ್ರಿ ಕೆಳಗೂ ಆ ಮೋಡದ ನೆತ್ತಿಯಲ್ಲಿ ನೀರು ಹೆಪ್ಪುಗಟ್ಟದೆ ಹನಿಯಾಗಿಯೇ ಇರುತ್ತದೆ. ಅದರಡಿಯಿಂದ ಹಿಮದ ಹರಳು ಉದುರುತ್ತಿರುತ್ತದೆ. ಹರಳುಗಳು ಆವಿಯನ್ನು ಸೆಳೆದುಕೊಂಡು ಬೆಳೆಯುವುದರಿಂದ ಹನಿಗಳು ಬೇಗ ಬತ್ತಿಹೋಗಬೇಕಿತ್ತು. ಆದರೆ ಕಲಕಾಟದಲ್ಲಿ ಮೇಲೇರುವ ಗಾಳಿ ಹೊಸ ಹನಿಗಳನ್ನು ಕಟ್ಟುತ್ತಲೇ ಇರುತ್ತದೆ. ಇನ್ನೂ ವಿಚಿತ್ರವೆಂದರೆ, ಬೇರೆ ಕಡೆ ಮೇಲಿನ ಒಣಗಾಳಿ ನುಗ್ಗಿ ಇಂಥ ಮೋಡವನ್ನು ತೆಳುವಾಗಿಸುತ್ತದೆ. ಆರ್ಕ್ಟಿಕ್‌ನಲ್ಲಿ ಎಷ್ಟೋ ಸಲ ಮೋಡದ ಮೇಲಿನ ಗಾಳಿಯಲ್ಲೇ ತೇವ ಹೆಚ್ಚು. ಅದು ಒಳಗೆ ಬೆರೆತಷ್ಟೂ ಮೋಡಕ್ಕೆ ಪೋಷಣೆ.

ಇದು ದೂರದ ಊರಿನ ಸುದ್ದಿ ಎಂದು ಬಿಡುವಂತಿಲ್ಲ. ಚಳಿಗಾಲದಲ್ಲಿ ಆ ಮೋಡ ಕೆಳಗಿನ ಮಂಜುಗಡ್ಡೆಗೆ ಶಾಖವನ್ನು ಹಿಂದಿರುಗಿಸುತ್ತದೆ. ಅದರೊಳಗಿನ ಸುಳಿಗಳು ಹವಾಮಾನ ಮಾದರಿಗಳು ಲೆಕ್ಕಕ್ಕಾಗಿ ಭೂಮಿಯನ್ನು ಹಂಚುವ ಚೌಕಗಳಿಗಿಂತ ಎಷ್ಟೋ ಚಿಕ್ಕವಾದ್ದರಿಂದ ಲೆಕ್ಕ ತಪ್ಪುವುದೂ ಅಲ್ಲೇ. ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. 2023ರ ಡಿಸೆಂಬರಿನಲ್ಲಿ ಅಲ್ಲಿಗೆ ಮೊದಲ ಚಳಿಗಾಲದ ತಂಡ ಹೊರಟಿತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಆ ಕತ್ತಲಿನ ಮೋಡಗಳನ್ನು ಅಳೆಯಲು ನಮ್ಮ ಹುಡುಗ ಹುಡುಗಿಯರೂ ಹೋಗಬೇಕೆಂಬುದು ನನ್ನ ಆಸೆ. ಪ್ರಶ್ನೆ ಕೇಳಿದವಳಿಗೆ ಇದನ್ನು ನೇರವಾಗಿಯೇ ಹೇಳಿದ್ದೇನೆ.