ಮುಧೋಳದ ಮರಿ ಬಿಬವೇವಾಡಿಗೆ ಬಂದಾಗ

ತಮ್ಮಾ, ಮುಧೋಳದಿಂದ ನಾಯಿಮರಿ ತರುತ್ತೇನೆಂದು ನೀನು ಫೋನ್ ಮಾಡಿದಾಗ ಖುಷಿಯಾಯಿತು, ಸ್ವಲ್ಪ ದಿಗಿಲೂ ಆಯಿತು. ಬಯಲಲ್ಲಿ ಮೊಲದ ಬೆನ್ನು ಹತ್ತಲು ಹುಟ್ಟಿದ ತಳಿ ಅದು. ಮುಧೋಳದ ಘೋರ್ಪಡೆ ಅರಸರು ಆಸ್ಥೆಯಿಂದ ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. ಈ ಹಿರಿಮೆಯೆಲ್ಲ ನಮಗೆ. ಮರಿಗೆ ಗೊತ್ತಿರುವುದು ತಾಯಿಯ ಮೈಬಿಸಿ, ಒಡಹುಟ್ಟಿದವರ ಗುದ್ದಾಟ, ಅಷ್ಟೇ.

ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಿಯಮವಿದೆ. ‘ಈಗಲೇ ಒಯ್ಯಿರಿ’ ಎಂದು ಯಾರಾದರೂ ಅವಸರ ಮಾಡಿದರೂ ಒಪ್ಪಬೇಡ. ತರುವಾಗ ತಾಯಿ ಮಲಗುವ ಜಾಗದ ಒಂದು ಹಳೆ ಬಟ್ಟೆಯನ್ನು ಕೇಳಿ ತಾ. ಏನು ತಿನ್ನಿಸುತ್ತಿದ್ದರೆಂದೂ ಕೇಳಿಕೋ. ಅಲ್ಲಿ ಹಾಲು, ನುಚ್ಚು ಉಂಡ ಮರಿಗೆ ಬಂದ ದಿನವೇ ಪ್ಯಾಕೆಟ್ ಆಹಾರ ಸುರಿದರೆ ಹೊಟ್ಟೆ ಕೆಡುತ್ತದೆ. ಹಳೆಯದರಲ್ಲಿ ಹೊಸದನ್ನು ದಿನಾ ಇಷ್ಟಿಷ್ಟು ಬೆರೆಸುತ್ತಾ ಒಂದು ವಾರ ಹಿಡಿದರೆ ಸರಿ.

ಸಾತಾರಾ ರಸ್ತೆ ಹಿಡಿದು ಪುಣೆಯ ಬಿಬವೇವಾಡಿಯ ನಿಮ್ಮ ಮನೆ ಮುಟ್ಟುವಷ್ಟರಲ್ಲಿ ಮರಿ ತಾಸುಗಟ್ಟಲೆ ಗಾಡಿಯಲ್ಲಿ ಕುಲುಕಾಡಿ ಸೋತಿರುತ್ತದೆ. ಆ ಸಂಜೆ ಸೊಸೈಟಿಯ ಮಕ್ಕಳನ್ನೆಲ್ಲ ಕರೆದು ತೋರಿಸಬೇಡ. ಕೈಯಿಂದ ಕೈಗೆ ಸಾಗಿಸಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಪರಿಚಯವಿಲ್ಲದವರು ಮೈ ಮುಟ್ಟುವುದು ಈ ತಳಿಗೆ ಹಿಡಿಸುವುದಿಲ್ಲ. ಹಾಲ್‌ನ ಒಂದು ಮೂಲೆ ಗೊತ್ತುಮಾಡಿ, ನಿಮ್ಮವ್ವ ಹೊಲಿದುಕೊಟ್ಟ ಕೌದಿ ಮಡಚಿ ಹಾಸು, ಮೇಲೆ ಆ ಹಳೆ ಬಟ್ಟೆ ಇಡು. ಮೈಯಲ್ಲಿ ಕೊಬ್ಬಿಲ್ಲದ, ಗಿಡ್ಡ ಕೂದಲಿನ ನಾಯಿಗೆ ಬರೀ ಟೈಲ್ಸ್ ನೆಲ ಒತ್ತುತ್ತದೆ, ಕಾಲೂ ಜಾರುತ್ತದೆ. ಆ ಮೂಲೆಯಲ್ಲಿ ಅದು ಇರುವಾಗ ಯಾರೂ ಎತ್ತಕೂಡದು, ಎಳೆಯಕೂಡದು.

ನೀನು ಮಾಡಬೇಕಾದ ದೊಡ್ಡ ಕೆಲಸವೆಂದರೆ ಸುಮ್ಮನೆ ನೆಲದ ಮೇಲೆ ಕೂತಿರುವುದು. ಪುಸ್ತಕ ಓದು, ಅದನ್ನು ದಿಟ್ಟಿಸಬೇಡ. ನಿದ್ದೆ ಇಲ್ಲದೆಯೂ ಆಕಳಿಸುತ್ತಿದ್ದರೆ, ಮತ್ತೆ ಮತ್ತೆ ತುಟಿ ನೆಕ್ಕುತ್ತಿದ್ದರೆ, ಬಾಲ ಕಾಲಸಂದಿಯಲ್ಲೇ ಇದ್ದರೆ ಅದಕ್ಕಿನ್ನೂ ಅಂಜಿಕೆ ಇದೆ ಎಂದು ತಿಳಿ. ತಾನೇ ಬಂದು ನಿನ್ನ ಅಂಗೈ ಮೂಸಿದ ಮೇಲೆ ಎದೆ, ಕತ್ತಿನ ಪಕ್ಕ ಸವರು. ತಲೆಯ ಮೇಲಿಂದ ಕೈ ತರಬೇಡ. ಮುದುಡಿ ಮಲಗುತ್ತಿದ್ದದ್ದು ಒಂದು ಮಧ್ಯಾಹ್ನ ಪಕ್ಕಕ್ಕೆ ಉರುಳಿ ನಾಲ್ಕೂ ಕಾಲು ಚಾಚಿ ಮಲಗಿದರೆ, ಮನೆ ಅದಕ್ಕೆ ಒಗ್ಗಿತು ಅನ್ನು. ಕೆಲವಕ್ಕೆ ಮೂರು ದಿನ, ಕೆಲವಕ್ಕೆ ಮೂರು ತಿಂಗಳು.

ರಾತ್ರಿ ಅಳುತ್ತದೆ. ‘ಅತ್ತು ಅತ್ತು ಸುಮ್ಮನಾಗಲಿ’ ಅನ್ನುವವರ ಮಾತಿಗೆ ಕಿವಿಗೊಡಬೇಡ. ಮೊದಲ ಕೆಲವು ರಾತ್ರಿ ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರು ಅದರ ಪಕ್ಕದಲ್ಲೇ ಚಾಪೆ ಹಾಕಿ ಮಲಗಿ. ಎದ್ದೊಡನೆ, ಉಂಡೊಡನೆ, ಆಡಿದೊಡನೆ ಒಂದೇ ಜಾಗಕ್ಕೆ ಒಯ್ದರೆ ಶೌಚ ತಾನೇ ರೂಢಿಯಾಗುತ್ತದೆ. ತಪ್ಪಿದರೆ ಒರೆಸು, ಹೊಡೆಯಬೇಡ. ಲಸಿಕೆಗಳ ಸರದಿ ಮುಗಿಯುವವರೆಗೆ ಬೀದಿಗೆ ಇಳಿಸಬೇಡ, ಪಾರ್ವೋ ವೈರಸ್ ರೋಗ ಮರಿಗಳನ್ನು ಕೊಲ್ಲುತ್ತದೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಮಹಾನಗರಪಾಲಿಕೆಯ ಪರವಾನಗಿಯನ್ನೂ ಮಾಡಿಸಿಕೋ.

ನೀವಿಬ್ಬರೂ ಕೆಲಸಕ್ಕೆ ಹೋಗುವವರು. ರಜೆ ಮುಗಿಯುವ ಮೊದಲೇ ಅದಕ್ಕೆ ಒಂಟಿತನ ಅಭ್ಯಾಸ ಮಾಡಿಸಿ. ಕೀಲಿ ತಗೊಂಡು ಲಿಫ್ಟಿನ ತನಕ ಹೋಗಿ ಬಾ. ನಾಳೆ ಕೆಳಗಿನ ಗೇಟಿನ ತನಕ. ಹೋಗುವಾಗ ಮುದ್ದಾಟವಿಲ್ಲ, ಬಂದಾಗಲೂ ಗದ್ದಲವಿಲ್ಲ.

ಪುಣೆಯಲ್ಲಿ ನನಗೆ ಹೆಚ್ಚು ಚಿಂತೆ ಸದ್ದಿನದು. ಮಾರ್ಕೆಟ್ ಯಾರ್ಡಿನ ಲಾರಿಗಳಿಗೆ ಅದು ಹೊಂದಿಕೊಂಡೀತು. ಆದರೆ ಗಣೇಶ ಹಬ್ಬಕ್ಕೆ ವಾರಗಟ್ಟಲೆ ಮೊದಲೇ ಢೋಲ್-ತಾಶಾ ತಾಲೀಮು ಶುರುವಾಗುತ್ತದಲ್ಲ, ಎದೆ ನಡುಗಿಸುವ ಆ ಸದ್ದಿಗೆ ಈಗಿನಿಂದಲೇ ತಯಾರಿ ಬೇಕು. ಫೋನಿನಲ್ಲಿ ಢೋಲ್ ಸದ್ದನ್ನು ತೀರಾ ಸಣ್ಣಗೆ ಹಾಕಿ, ಅದೇ ಹೊತ್ತಿಗೆ ಊಟ ಕೊಡು. ಹೆದರದಿದ್ದರೆ ಮಾತ್ರ ದಿನದಿಂದ ದಿನಕ್ಕೆ ಏರಿಸು. ವಿಸರ್ಜನೆಯ ದಿನ ಕಿಟಕಿ ಮುಚ್ಚಿ ಒಳಕೋಣೆಯಲ್ಲಿ ಜೊತೆಗಿರು.

ಮುಂದೆ ಹೊರಗೆ ಒಯ್ಯುವಾಗ ಕುತ್ತಿಗೆಪಟ್ಟಿಯೊಂದನ್ನೇ ನಂಬಬೇಡ. ಈ ತಳಿಯ ತಲೆ ಸಣ್ಣದು, ಪಟ್ಟಿ ಸಲೀಸಾಗಿ ಕಳಚುತ್ತದೆ. ಎದೆಗೂ ಬಿಗಿಯುವ ಹಾರ್ನೆಸ್ ಹಾಕು. ಬೆಕ್ಕು ಓಡಿದ್ದು ಕಂಡರೆ ನಿನ್ನ ಕೂಗು ಅದಕ್ಕೆ ಕೇಳಿಸುವುದಿಲ್ಲ. ಬಾಲ್ಕನಿಯ ಸರಳುಗಳ ಸಂದಿಗೆ ಇವತ್ತೇ ಜಾಲರಿ ಹೊಡೆಸು. ಪಕ್ಕದ ಮನೆಯವರಿಗೆ ಮೊದಲೇ ಹೋಗಿ ತಿಳಿಸು. ನಾಯಿ ಸಾಕಕೂಡದೆಂದು ಸೊಸೈಟಿ ತಡೆಯುವಂತಿಲ್ಲ ಅನ್ನುವುದು ನಿಜ, ಆದರೂ ಕಾನೂನು ಎತ್ತುವ ಮೊದಲು ಅವರ ಬಾಗಿಲಿಗೆ ನೀನೇ ಹೋಗಿ ಮಾತಾಡಿದರೆ ಒಳ್ಳೆಯದು.

ಹತ್ತು-ಹನ್ನೆರಡು ವರ್ಷದ ಜವಾಬ್ದಾರಿ ಇದು. ವರ್ಗಾವಣೆಯೋ ಬಾಣಂತನವೋ ಬಂದು ಸಾಕುವುದು ಕಷ್ಟವಾದರೆ ಬೀದಿಗೆ ಬಿಡಬೇಡ, ಯಾರ ಕೈಗೋ ದಾಟಿಸಬೇಡ. ಯಾವ ಹೊತ್ತಿಗಾದರೂ ನನಗೆ ಫೋನ್ ಮಾಡು, ನಾನೇ ಪುಣೆಗೆ ಬಂದು ಕರೆದುಕೊಂಡು ಹೋಗುತ್ತೇನೆ.